ಮೇಷ್ಟ್ರ ಮೂವತ್ತನಾಲ್ಕು, ಬೀಗದಕ್ಕನ ಐದು

ನಾಲ್ಕು ದಿನ ರಜೆ ಕಳೆಯಲು ಬಾಡಿಗೆ ಮನೆಗೆ ಬಂದವರು ಹೊರಡುವಾಗ ಎಷ್ಟು ಗುಡಿಸಬೇಕು, ಎಷ್ಟು ಹಾಗೇ ಬಿಡಬೇಕು? ಇದೂ ಒಂದು ಪ್ರಶ್ನೆಯೇ ಎಂದು ಮೂಗು ಮುರಿಯಬೇಡಿ. ಈ ಪ್ರಶ್ನೆಯ ದೆಸೆಯಿಂದ ಒಬ್ಬ ನಿವೃತ್ತ ಹೆಡ್ ಮೇಷ್ಟ್ರ ನೆಮ್ಮದಿ ಹಾಳಾಗಿತ್ತು, ಒಬ್ಬ ಹೆಂಗಸಿನ ಹೊಟ್ಟೆಪಾಡಿಗೇ ಕುತ್ತು ಬಂದಿತ್ತು.

ಆ ಹೆಂಗಸಿಗೆ ಐವತ್ತೆರಡು ವರ್ಷ. ಸೊಂಟದಲ್ಲಿ ಯಾವಾಗಲೂ ಕೀಲಿಕೈ ಗೊಂಚಲು ಇರುತ್ತಿತ್ತಾದ್ದರಿಂದ ಬೀದಿಯವರೆಲ್ಲ ಅವಳನ್ನು ಬೀಗದಕ್ಕ ಎನ್ನುತ್ತಿದ್ದರು. ಅವಳ ಬಾಯಿಗೂ ಬೀಗವೇ. ಯಜಮಾನರು ಹೇಳಿದ್ದಕ್ಕೆ ಹೂಂ, ಕೇಳಿದ್ದಕ್ಕೆ ಊಹೂಂ, ಅಷ್ಟೇ. ಮನೆಯಲ್ಲಿ ಮಾತ್ರ ಆ ಬೀಗ ಕಳಚಿ ಬೀಳುತ್ತಿತ್ತು. ಅದರ ಪೂರ್ತಿ ಫಲವನ್ನು ದರ್ಜಿ ಕೆಲಸದ ಗಂಡ ಉಣ್ಣುತ್ತಿದ್ದ.

ಮೊದಲು ಅವಳು ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿದ್ದಳು. ಹದಿನಾಲ್ಕು ವರ್ಷ. ನೆಲಮಾಳಿಗೆ, ಒಂದೂ ಕಿಟಕಿಯಿಲ್ಲ. ಬೇಸಿಗೆಯೋ ಮಳೆಯೋ ಎಂಬುದು ಸಂಜೆ ಮೆಟ್ಟಿಲು ಹತ್ತಿ ಮೇಲೆ ಬಂದಾಗಲೇ ತಿಳಿಯುತ್ತಿತ್ತು. ಬಿಸಿ ಹಬೆಯಲ್ಲಿ ನಿಂತು ನಿಂತು ಕೆಮ್ಮು ಹತ್ತಿ, ಒದ್ದೆ ಹೊದಿಕೆ ಎತ್ತಿ ಎತ್ತಿ ನಡು ಬಿದ್ದುಹೋದ ಮೇಲೆ, ಯಾರೋ ಹೇಳಿದರೆಂದು ಮೇಷ್ಟ್ರ ಮನೆಗೆ ಬಂದಳು. ಸಮುದ್ರದ ಕಡೆ ಮುಖ ಮಾಡಿದ ಎರಡು ಕೋಣೆಯ ಮನೆ. ಮೇಷ್ಟ್ರು ಅದನ್ನು ರಜೆಗೆ ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಿದ್ದರು. ಹಳಬರು ಬೆಳಿಗ್ಗೆ ಹನ್ನೊಂದಕ್ಕೆ ಬಿಡಬೇಕು, ಹೊಸಬರು ಮಧ್ಯಾಹ್ನ ಮೂರಕ್ಕೆ ಬರಬೇಕು. ನಡುವಿನ ನಾಲ್ಕು ಗಂಟೆ ಆ ಮನೆ ಬೀಗದಕ್ಕನದು.

ಎಂಟು ಕಿಟಕಿ! ಬಂದವಳೇ ಎಂಟನ್ನೂ ತೆರೆಯುತ್ತಿದ್ದಳು. ಹಾಸಿಗೆ, ಬಚ್ಚಲು, ಅಡುಗೆಮನೆ, ಕೊನೆಗೆ ನೆಲ. ಎಲ್ಲ ಮುಗಿದು ನೆಲ ಆರುವ ಹೊತ್ತಿಗೆ ಒಂದು ಲೋಟ ಕಾಫಿ ಹಿಡಿದು ಹಿಂದಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಮನೆಯೊಳಗೆ ಚೂರೂ ಕಸವಿಲ್ಲ, ಹೊರಗೆ ಸಮುದ್ರ, ಕೇಳುವವರಿಲ್ಲ. ಒಂಬತ್ತು ವರ್ಷ ಅವಳು ಆ ಹತ್ತು ನಿಮಿಷಕ್ಕಾಗಿಯೇ ಬೆಳಿಗ್ಗೆ ಏಳುತ್ತಿದ್ದಳು ಎಂದರೆ ಸುಳ್ಳಲ್ಲ.

ಇನ್ನು ಮೇಷ್ಟ್ರು. ಮೂವತ್ತೈದು ವರ್ಷ ಶಾಲೆ ನಡೆಸಿದವರು. ನಿವೃತ್ತಿ ಆದದ್ದು ಕೆಲಸದಿಂದ ಮಾತ್ರ, ಬುದ್ಧಿಯಿಂದಲ್ಲ. ಬಾಡಿಗೆಯವರು ಹೊರಡುವ ಮುನ್ನ ಮಾಡಬೇಕಾದ ಕೆಲಸಗಳ ಒಂದು ಪಟ್ಟಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಚೌಕಟ್ಟು ಹಾಕಿಸಿ, ಬಾಗಿಲ ಬಳಿ ತೂಗುಹಾಕಿದ್ದರು. ಮೊದಲು ಅದರಲ್ಲಿ ಆರೇ ನಿಯಮ ಇತ್ತು. ಯಾರೋ ಒಲೆಯ ಮೇಲೆ ಹಾಲು ಉಕ್ಕಿಸಿದರು, ಏಳಾಯಿತು. ಯಾರದೋ ಕೂದಲು ಬಚ್ಚಲ ಜಾಲರಿಯಲ್ಲಿ ಸಿಕ್ಕಿತು, ಎಂಟಾಯಿತು. ತಪ್ಪು ಮಾಡಿದವರು ಹಾಯಾಗಿ ಊರು ಸೇರಿರುತ್ತಿದ್ದರು, ದಂಡನೆ ಮಾತ್ರ ಮುಂದಿನವರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ! ಹೀಗೆ ಬೆಳೆದೂ ಬೆಳೆದೂ ಪಟ್ಟಿ ಮೂವತ್ತನಾಲ್ಕಕ್ಕೆ ಬಂದು ನಿಂತಿತು. ಹತ್ತೊಂಬತ್ತು: ಒಲೆಯ ಬರ್ನರ್ ಬಿಚ್ಚಿ ತೊಳೆಯತಕ್ಕದ್ದು. ಇಪ್ಪತ್ತೆಂಟು: ಫ್ಯಾನಿನ ರೆಕ್ಕೆ ಒರೆಸತಕ್ಕದ್ದು. ಹದಿನೇಳನೆಯದಕ್ಕೆ ಕೆಂಪು ಶಾಯಿ: ಕರೆಂಟಿನ ಯಾವುದೇ ಸಾಮಾನು ಕೆಟ್ಟರೆ ಆಗ ಮನೆಯಲ್ಲಿದ್ದವರೇ ಹೊಸದು ತಂದುಕೊಡತಕ್ಕದ್ದು.

ಇದರಿಂದ ಬೀಗದಕ್ಕನ ಕೆಲಸ ಹಗುರಾಯಿತು ಅಂದುಕೊಂಡಿರಾ? ರಾಮ ರಾಮ! ಜನ ಹಾಸಿಗೆಯನ್ನು ಚೆಂದವಾಗಿ ಹೊದಿಸಿಟ್ಟು ಹೋಗುತ್ತಿದ್ದರು. ಯಾವುದರಲ್ಲಿ ಮಲಗಿದ್ದರು, ಯಾವುದರಲ್ಲಿ ಇಲ್ಲ ಎಂದು ತಿಳಿಯದೆ ಅವಳು ನಾಲ್ಕೂ ಹಾಸಿಗೆಯ ಹೊದಿಕೆ ಕಿತ್ತು ಒಗೆಯಬೇಕಿತ್ತು. ಒರೆಸಿದ ನೆಲದ ತುಂಬ ಸೋಪಿನ ಕಲೆ, ಅದನ್ನು ತೆಗೆಯಲು ಎರಡು ಸಲ ಒರೆಸಬೇಕು. ಒಡೆದ ಗಾಜನ್ನು ದಂಡಕ್ಕೆ ಹೆದರಿ ಕಸದ ಚೀಲದ ತಳದಲ್ಲಿ ಹುದುಗಿಸುತ್ತಿದ್ದರು. ಒಂದು ಸಲ ಹಾಗೇ ಚೀಲ ಅದುಮಲು ಹೋಗಿ ಅವಳ ಅಂಗೈ ಸೀಳಿ, ಐದು ಹೊಲಿಗೆ ಬಿದ್ದವು.

"ಹೊಲಿಗೆ ಚೆನ್ನಾಗಿ ಹಾಕಿಲ್ಲ, ನನ್ನ ಹತ್ರ ಬಂದಿದ್ರೆ ಕಾಣದ ಹಾಗೆ ಹೊಲೀತಿದ್ದೆ" ಎಂದಿದ್ದ ಗಂಡ.

"ನಿಮ್ಮ ಬಾಯಿಗೆ ಮೊದಲು ಹಾಕ್ಕೊಳ್ಳಿ" ಎಂದಿದ್ದಳು ಇವಳು.

ಆದರೆ ಮೇಷ್ಟ್ರ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ.

ಹಾಗಿರುವಾಗ ಒಂದು ದಿನ, ಕೈಗೂಸಿನೊಂದಿಗೆ ಬಂದಿದ್ದ ಗಂಡ-ಹೆಂಡತಿ ಹೊರಡುವ ದಿನ, ಬೀಗದಕ್ಕ ಹನ್ನೊಂದಕ್ಕೆ ಸರಿಯಾಗಿ ಬಾಗಿಲು ತಟ್ಟಿದಳು. ಒಳಗೆ ನೋಡಿದರೆ ಆತ ಕುರ್ಚಿಯ ಮೇಲೆ ಹತ್ತಿ ಫ್ಯಾನ್ ಒರೆಸುತ್ತಿದ್ದಾನೆ, ಆಕೆ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಲ್ಲುಜ್ಜುವ ಬ್ರಷ್ಷಿನಲ್ಲಿ ಬರ್ನರ್ ತಿಕ್ಕುತ್ತಿದ್ದಾಳೆ. ಕೂಸು ತೆರೆದಿಟ್ಟ ಪೆಟ್ಟಿಗೆಯೊಳಗೆ ಬಟ್ಟೆಗಳ ಮೇಲೆ ಮಲಗಿ ಮನೆ ಹಾರಿಹೋಗುವಂತೆ ಅಳುತ್ತಿದೆ.

"ಅಕ್ಕಾ, ಐದೇ ನಿಮಿಷ. ಇನ್ನು ಆರೇ ಉಳಿದಿರೋದು" ಎಂದಳು ಆಕೆ. ಕಣ್ಣಲ್ಲಿ ನೀರು ತುಂಬಿತ್ತು.

"ನಿಮ್ಮ ಬಸ್ಸು ಎಷ್ಟೊತ್ತಿಗಮ್ಮಾ?"

"ಹತ್ತೂವರೆಗಿತ್ತು."

ಬೀಗದಕ್ಕ ಒಳಗೆ ನುಗ್ಗಿದಳು. ಆಕೆಯ ಕೈಯಿಂದ ಬ್ರಷ್ ಕಿತ್ತುಕೊಂಡು, "ಏಳಮ್ಮಾ, ಮೊದಲು ಕೂಸನ್ನ ಎತ್ಕೋ. ಇದು ನನ್ನ ಕೆಲಸ, ನಿಂದಲ್ಲ" ಎಂದಳು. ಅಂದು ಅವಳಿಗಾದ ನಾಚಿಕೆ ಅಷ್ಟಿಷ್ಟಲ್ಲ. ಮುಂದಿನ ಬಸ್ಸಿಗಾಗಿ ಅವರು ಸಂಜೆಯವರೆಗೂ ನಿಲ್ದಾಣದಲ್ಲಿ ಕಾದರಂತೆ.

ಊರಿಗೆ ಹೋದ ಮೇಲೆ ಅವರು ಬಾಡಿಗೆ ಮನೆ ಗೊತ್ತುಮಾಡುವ ವೆಬ್‌ಸೈಟಿನಲ್ಲಿ ಮನೆಯ ಬಗ್ಗೆ ಅಭಿಪ್ರಾಯ ಬರೆದರು: "ಮನೆ ಬಹಳ ಚೆನ್ನಾಗಿದೆ. ನಾವು ಬಂದದ್ದು ರಜೆಗೋ ಪರೀಕ್ಷೆಗೋ ತಿಳಿಯಲಿಲ್ಲ." ಅಲ್ಲಿಂದ ಶುರುವಾಯಿತು ನೋಡಿ. ಒಬ್ಬರ ಹಿಂದೆ ಒಬ್ಬರು ಅದನ್ನೇ ಬರೆದರು. ಆ ತಿಂಗಳು ಹನ್ನೊಂದು ದಿನ ಮನೆ ಖಾಲಿ ಬಿತ್ತು. ಮೇಷ್ಟ್ರು ಬೀಗದಕ್ಕನನ್ನು ಗೇಟಿನ ಬಳಿ ನಿಲ್ಲಿಸಿ, ನೆಲ ನೋಡುತ್ತಾ ಹೇಳಿದರು: "ನೋಡಮ್ಮಾ, ನನಗೆ ಸಾಕಾಗಿದೆ. ಮುಂದಿನ ತಿಂಗಳಿಂದ ಮನೇನ ಒಂದು ಕಂಪನಿಗೆ ವಹಿಸಿಬಿಡ್ತೀನಿ. ಅವರದ್ದೇ ಜನ ಬಂದು ಕ್ಲೀನ್ ಮಾಡ್ತಾರಂತೆ. ನೀನು ಬೇರೆ ಎಲ್ಲಾದ್ರೂ ನೋಡ್ಕೋ."

ಬೇರೆ ಎಲ್ಲಿ? ಅವಳಿಗೆ ಗೊತ್ತಿದ್ದದ್ದು ಒಂದೇ ಜಾಗ, ಆ ನೆಲಮಾಳಿಗೆ. ಅದು ಕಣ್ಮುಂದೆ ಬಂದದ್ದೇ ತಡ, ಒಂಬತ್ತು ವರ್ಷದ ಬೀಗ ತಾನಾಗಿಯೇ ತೆರೆದುಕೊಂಡಿತು.

"ಮೇಷ್ಟ್ರೇ, ತಪ್ಪು ಮನೇದಲ್ಲ, ನಿಮ್ಮ ಪಟ್ಟೀದು."

"ಏನಂದೆ?"

"ಮೂವತ್ತನಾಲ್ಕು ಕೆಲಸ ಅವರೇ ಮಾಡೋದಾದ್ರೆ ನಾನ್ಯಾಕೆ? ನೀವು ಮಾಡಿಸ್ತಿರೋದ್ರಲ್ಲಿ ಅರ್ಧ ನಾನು ಬಂದು ಮತ್ತೆ ಮಾಡ್ಬೇಕು. ನನಗೆ ಬೇಕಾಗಿರೋದು ಐದೇ. ಒಂದು ತಿಂಗಳು ನನ್ನ ಪಟ್ಟಿ ಹಾಕಿ ನೋಡಿ. ಸರಿ ಹೋಗ್ಲಿಲ್ವಾ, ಕೀಲಿಕೈ ನಿಮ್ಮ ಕೈಗಿಟ್ಟು ಹೋಗ್ತೀನಿ."

ಮೇಷ್ಟ್ರು ಗೇಟಿನ ಚಿಲಕ ಹಾಕಿದರು, ತೆಗೆದರು. ಕೊನೆಗೆ, "ಬರ್ಕೊಂಡು ಬಾ" ಎಂದರು.

ಬರೆಯುವುದೇನು ಸುಲಭವೇ? ಮೂರು ದಿನ ಹಿಡಿಯಿತು. ಗಂಡ ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆದಳು. ಕಡೆಗೆ ನಿಂತದ್ದು ಇಷ್ಟು: ಹಾಸಿಗೆ ಮಡಚಬೇಡಿ, ಎದ್ದ ಹಾಗೇ ಬಿಡಿ. ಒದ್ದೆ ಟವೆಲುಗಳನ್ನು ಬಚ್ಚಲಲ್ಲಿ ಒಂದು ಕಡೆ ಹಾಕಿ. ಉಂಡ ತಟ್ಟೆ ತೊಳೆದು, ಕಸ ಗಂಟು ಕಟ್ಟಿ ಹೊರಗಿನ ಡಬ್ಬಿಗೆ ಹಾಕಿ. ಗ್ಯಾಸು, ನಲ್ಲಿ, ಕಿಟಕಿ ನೋಡಿಕೊಂಡು ಹೋಗಿ. ಏನಾದರೂ ಒಡೆದಿದ್ದರೆ, ಕೆಟ್ಟಿದ್ದರೆ ಹೇಳಿ, ಯಾರೂ ಬೈಯುವುದಿಲ್ಲ.

ಐದನೆಯದನ್ನು ಓದಿ ಮೇಷ್ಟ್ರ ಹುಬ್ಬು ಮೇಲೇರಿತು. "ಬೈಯೋದಿಲ್ವಾ? ಯಾರು ಹೇಳಿದ್ದು?"

"ನಾನು. ನಿಮಗೆ ಬೈಯಲೇಬೇಕು ಅನ್ಸಿದ್ರೆ ನನಗೆ ಬೈಯಿರಿ, ಒಂಬತ್ತು ವರ್ಷದಿಂದ ಅಭ್ಯಾಸ ಆಗಿದೆ."

ಪಟ್ಟಿ ಬದಲಾಯಿತು. ಆದದ್ದೇನು? ಮೊದಲ ವಾರವೇ ಬಂದರು ನಾಲ್ವರು ಗೆಳೆಯರು. ಅವರು ಬಿಟ್ಟುಹೋದ ಮನೆ ಕೋತಿ ಹೊಕ್ಕ ತೋಟದಂತಿತ್ತು. ತಟ್ಟೆ ತೊಳೆದಿರಲಿಲ್ಲ, ಕಸ ಕಟ್ಟಿರಲಿಲ್ಲ, ಟವೆಲುಗಳಲ್ಲಿ ಒಂದು ಹೊರಗಿನ ಗಿಡದ ಮೇಲಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು, "ನೋಡಿದೆಯಾ? ಸಲಿಗೆ ಕೊಟ್ರೆ ಹೀಗೇ" ಎಂದರು. ಆ ದನಿಯಲ್ಲಿ ಸಂತೋಷ ಇಣುಕುತ್ತಿತ್ತು ಎಂದರೆ ಅವರಿಗೆ ಅನ್ಯಾಯ ಮಾಡಿದಂತಾಗದು. ಬೀಗದಕ್ಕ ಹಲ್ಲು ಕಚ್ಚಿ ಮೂರಕ್ಕೆ ಐದು ನಿಮಿಷ ಇರುವಾಗ ಮುಗಿಸಿದಳು. ಆ ದಿನ ಕಾಫಿಯೂ ಇಲ್ಲ, ಮೆಟ್ಟಿಲೂ ಇಲ್ಲ.

"ನಂಬಿ ಕೆಟ್ಟೆ ಕಣ್ರೀ" ಎಂದು ಗಂಡನ ಮುಂದೆ ಕೂತು ಗೊಳೋ ಎಂದು ಅತ್ತಳು.

ಅವನು ಹೊಲಿಗೆ ಯಂತ್ರ ನಿಲ್ಲಿಸಿದ. "ನಾಲ್ಕು ಜನ ಕೆಟ್ಟೋರು ಬಂದ್ರು, ಅಷ್ಟೇ. ನನ್ನ ಅಂಗಡಿಗೆ ಬರೋರಲ್ಲಿ ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಳ್ಳೋರು ಎಷ್ಟು ಜನ! ಹಾಗಂತ ಟೇಪು ಬಿಸಾಡ್ಲಾ? ಅಳ್ಬೇಡ, ಏಳು."

ಎರಡನೆಯ ವಾರದವರು ಒಳ್ಳೆಯವರು. ಒಡೆದ ಲೋಟವನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟು, "ಗಾಜು, ಜೋಪಾನ" ಎಂದು ಬರೆದಿದ್ದರು. ಮೂರನೆಯ ವಾರ ಬಂದವರು ಅಕ್ಕ-ತಂಗಿ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಅವರು ಹೋದ ಮೇಲೆ ಒಂದು ಚೀಟಿ ಸಿಕ್ಕಿತು.

"ಗೀಸರ್ ಹಾಕಿದರೆ ಸುಟ್ಟ ವಾಸನೆ ಬರುತ್ತದೆ. ನಾವೇ ಕೆಡಿಸಿದೆವೋ ಏನೋ ಗೊತ್ತಿಲ್ಲ. ಸ್ವಿಚ್ ಆರಿಸಿ ಎರಡು ದಿನ ತಣ್ಣೀರಲ್ಲೇ ಮಿಂದೆವು. ಬೈಯುವುದಿಲ್ಲ ಎಂದು ಬರೆದಿದ್ದೀರಲ್ಲ, ಆ ಧೈರ್ಯದಿಂದ ಹೇಳುತ್ತಿದ್ದೇವೆ."

ಬೀಗದಕ್ಕ ಮೇಷ್ಟ್ರಿಗೆ ಫೋನ್ ಮಾಡಿದಳು, ಮೇಷ್ಟ್ರು ಕರೆಂಟಿನವನನ್ನು ಕರೆದುಕೊಂಡೇ ಬಂದರು. ಅವನು ಏಣಿ ಹತ್ತಿ, ಗೀಸರಿನ ಹಿಂದೆ ಎತ್ತರದಲ್ಲಿದ್ದ ಪ್ಲಗ್ಗಿನ ಕಡೆ ಟಾರ್ಚ್ ಬಿಟ್ಟ. ಅದರ ಪಕ್ಕದಲ್ಲಿ ಗೋಡೆಗೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಅಂಟಿಸಿತ್ತು. ಕಿತ್ತು ನೋಡಿದರೆ ಕೆಳಗೆ ಕಪ್ಪಗೆ ಸುಟ್ಟ ಗುರುತು. ಒಳಗಿನ ವೈರು ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು.

"ಇದು ಇವತ್ತಿನದಲ್ಲ ಮೇಷ್ಟ್ರೇ, ಎರಡು ತಿಂಗಳ ಕಥೆ. ಇನ್ನು ನಾಲ್ಕು ದಿನ ಹೀಗೇ ಉರಿಸಿದ್ರೆ ಬೆಂಕಿ ಹತ್ತೋದು ಗ್ಯಾರಂಟಿ. ಒಳಗೆ ಯಾರಾದ್ರೂ ಮಲಗಿದ್ರೆ..." ಅವನು ಟಾರ್ಚ್ ಆರಿಸಿದ.

ಮೇಷ್ಟ್ರು ಅಲ್ಲೇ ನಿಂತು ಹಿಂದೆ ಬಂದಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿದರು. ನಾಲ್ಕನೆಯವನು ಒಪ್ಪಿಕೊಂಡ. ಅಂದು ಫ್ಯಾನ್ ಒರೆಸುತ್ತಿದ್ದನಲ್ಲ, ಅದೇ ಕೂಸಿನ ಅಪ್ಪ.

"ಹೌದು ಸಾರ್, ವಾಸನೆ ಬಂತು. ಹದಿನೇಳನೇದು ಓದಿ ಹೆದರಿಬಿಟ್ಟೆ. ಗೋಡೆ ಕಪ್ಪಾಗಿದ್ದು ಕಾಣದಿರಲಿ ಅಂತ ಮಗೂಗೆ ತಂದಿದ್ದ ಪ್ಲಾಸ್ಟರ್ ಅಂಟಿಸಿದೆ. ತಪ್ಪಾಯ್ತು ಸಾರ್."

ಹಿಂದಿನ ಮೇಷ್ಟ್ರಾಗಿದ್ದರೆ ಫೋನೇ ಬಿಸಿಯಾಗುವಂತೆ ಬೈದಿರುತ್ತಿದ್ದರು. ಈ ಸಲ, "ಕೂಸು ಹೇಗಿದೆ?" ಎಂದಷ್ಟೇ ಕೇಳಿದರು. ಫೋನ್ ಇಟ್ಟು ಬಚ್ಚಲಿನ ಸ್ಟೂಲಿನ ಮೇಲೆ ಕುಸಿದರು. ಕಿತ್ತ ಪ್ಲಾಸ್ಟರನ್ನು ಕೈಯಲ್ಲಿ ತಿರುವಿ ನೋಡಿದರು.

"ಮೂವತ್ತೈದು ವರ್ಷ" ಎಂದರು ಆಮೇಲೆ. "ಎಷ್ಟು ಮಕ್ಕಳು ನನ್ನ ಮುಂದೆ ಹೀಗೇ ಪ್ಲಾಸ್ಟರ್ ಅಂಟಿಸ್ಕೊಂಡು ನಿಂತಿದ್ರೋ! ನಾನು ಶಿಸ್ತು ಅಂದ್ಕೊಂಡಿದ್ದೆ."

ಬೀಗದಕ್ಕನಿಗೆ ಅಯ್ಯೋ ಅನ್ನಿಸಿತು. ಆ ಎತ್ತರಕ್ಕೆ ತನ್ನ ಕಣ್ಣೂ ಹೋಗಿರಲಿಲ್ಲವಲ್ಲ ಎಂದು ತಾನೂ ಒಳಗೊಳಗೇ ನೊಂದಿದ್ದಳು. "ಹೋಗ್ಲಿ ಬಿಡಿ ಮೇಷ್ಟ್ರೇ, ಯಾರ ಜೀವಕ್ಕೂ ಏನೂ ಆಗ್ಲಿಲ್ಲ" ಎಂದು ಒಂದು ಲೋಟ ನೀರು ಕೊಟ್ಟಳು. ಆದರೂ ಕಂಪನಿಯ ಮಾತು ಏನಾಯಿತು ಎಂದು ಕೇಳುವ ಧೈರ್ಯ ಬರಲಿಲ್ಲ. ಅವರೂ ಹೇಳಲಿಲ್ಲ.

ತಿಂಗಳ ಕೊನೆಯ ಶನಿವಾರ ಹನ್ನೊಂದೂಕಾಲಕ್ಕೆ, ಬೀಗದಕ್ಕ ಹಾಸಿಗೆ ಕೀಳುತ್ತಿದ್ದಾಗ, ಮೇಷ್ಟ್ರು ಒಬ್ಬ ಟೈ ಕಟ್ಟಿದವನೊಂದಿಗೆ ಒಳಗೆ ಬಂದರು. ಅವನ ಕಂಕುಳಲ್ಲಿ ಫೈಲು. ಅದನ್ನು ನೋಡಿದೊಡನೆ ಅವಳ ಕೈ ತಾನಾಗಿ ಸೊಂಟದ ಗೊಂಚಲಿಗೆ ಹೋಯಿತು. ಕಂಪನಿಯವನು ಕೋಣೆ ಕೋಣೆ ಸುತ್ತಿ, ಗೋಡೆ ತಟ್ಟಿ, ಬಾಗಿಲ ಬಳಿಯ ಪಟ್ಟಿ ಓದಿ ನಕ್ಕ.

"ಐದೇನಾ ಸಾರ್? ನಮ್ಮದ್ರಲ್ಲಿ ನಲವತ್ತು ಇದೆ. ಯಾರು ಬರೆದಿದ್ದು ಇದನ್ನ?"

"ಈ ಮನೆ ನೋಡ್ಕೊಳ್ಳೋರು, ಇವರು" ಎಂದರು ಮೇಷ್ಟ್ರು, ಕೋಣೆಯ ಕಡೆ ಕೈ ತೋರಿಸಿ. "ನಿಮಗೆ ಬರಬೇಡಿ ಅಂತ ಫೋನಲ್ಲೇ ಹೇಳ್ಬಹುದಿತ್ತು. ಆದ್ರೆ ಇವರೆದುರಿಗೇ ಹೇಳ್ಬೇಕು ಅನ್ನಿಸ್ತು. ಮನೆ ನಿಮಗೆ ಕೊಡಲ್ಲ. ಇದು ಇವರ ಕೈಯಲ್ಲೇ ಇರುತ್ತೆ, ಇವರಿಗೆ ಸಾಕು ಅನ್ಸೋವರೆಗೂ."

ಒಂಬತ್ತು ವರ್ಷದಲ್ಲಿ ಮೇಷ್ಟ್ರ ಬಾಯಲ್ಲಿ ಅವಳು "ಇವರು" ಆದದ್ದು ಅದೇ ಮೊದಲು. ಕಣ್ಣು ಮಂಜಾದದ್ದು ಕಾಣಿಸದಿರಲೆಂದು ತೋಳಿನ ತುಂಬ ಇದ್ದ ಹೊದಿಕೆಯಲ್ಲಿ ಮುಖ ಒತ್ತಿಕೊಂಡಳು. ಕಂಪನಿಯವನು ಫೈಲು ತೆರೆದು ಇನ್ನೂ ಏನೋ ವಿವರಿಸತೊಡಗಿದ, ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಬೀಗದಕ್ಕ ಗಡಿಯಾರ ನೋಡಿದಳು. ಹನ್ನೊಂದೂವರೆ.

"ಮೇಷ್ಟ್ರೇ" ಎಂದಳು, "ಮಾತೆಲ್ಲ ಆಚೆ ಇಟ್ಕೊಳ್ಳಿ. ಇಬ್ಬರೂ ನಡೀರಿ, ನಾನು ನೆಲ ಒರೆಸ್ಬೇಕು."

ಮೇಷ್ಟ್ರು ಎದ್ದರು. ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹೊರಗೆ ಹೋದರು.