ಬಸವಣ್ಣೆಮ್ಮ ಓದದೆ ಬಿಟ್ಟ ಅರ್ಧ ಪುಟ

ಬೆಳಗಿನ ಜಾವ ಐದೂಕಾಲು. ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕ್‌ನ ರಸ್ತೆಯಲ್ಲಿ ಇನ್ನೂ ಒಂದು ಸ್ಕೂಟರೂ ಓಡಿಲ್ಲ. ಐವತ್ತನಾಲ್ಕರ ಬಸವಣ್ಣೆಮ್ಮ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಮಡಿಸಿದ ಕೌದಿಯ ಮೇಲಿಟ್ಟು ಓದಲು ಕೂರುತ್ತಾರೆ. ಹಾಲಿನವನ ಗಾಡಿ ಬರುವುದರೊಳಗೆ ಹನ್ನೆರಡು ಪುಟ ಮುಗಿಯಬೇಕು.

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವುದು ಹನ್ನೊಂದು ವರ್ಷಗಳಿಂದ ಅವರು ಮಾಡಿಕೊಂಡು ಬಂದ ಕಾಯಕ. ಇದುವರೆಗೆ ನೂರಾ ನಲವತ್ತು ಪುಸ್ತಕ. ಹಗಲು ಕ್ಲಿನಿಕ್ ಒಂದರಲ್ಲಿ ಚೀಟಿ ಬರೆಯುವ ಕೆಲಸ. ಓದಿದ್ದು ಪಿಯುಸಿ. “ಕೆಮ್ಮು ಬಂದ್ರೆ ಆ ಪುಟ ಮೊದಲಿಂದ ಓದ್ಬೇಕಲ್ರಿ. ಅದಕ್ಕೆ ಬಿಸಿನೀರು ಪಕ್ಕದಾಗೇ ಇರ್ತೈತೆ,” ಎನ್ನುತ್ತಾರೆ.

ಈ ವರ್ಷ ಅವರ ಕೈಯಲ್ಲಿರುವುದು ಥಾಯ್ಲೆಂಡಿನ ಹಳೆಯ ಪದ್ಯಕಥೆಗಳ ಕನ್ನಡ ಅನುವಾದ, ಮುನ್ನೂರು ಪುಟದ ಜೆರಾಕ್ಸ್ ಪ್ರತಿ. ತಂದುಕೊಟ್ಟವಳು ಹರಿಹರ ತಾಲ್ಲೂಕಿನ ಭಾನುವಳ್ಳಿಯ ಪೂಜಾ. ಹುಟ್ಟಿನಿಂದಲೂ ಅವಳಿಗೆ ಕಣ್ಣು ಕಾಣದು. ಆ ಕಥೆಗಳಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸಿದ್ದಾರೆ ಎಂಬುದು ಅವಳ ಪಿಎಚ್.ಡಿ. ವಿಷಯ. “ಅಲ್ಲೂ ಹೆಂಗಸಿನ ಮುಖ ಚಂದ್ರನೇ ರಿ. ಸ್ನಾನ, ಸಿಂಗಾರ ನಾಕು ಪುಟ. ಆಕೆ ಮಾತಾಡೋದು ಎರಡು ಸಾಲು,” ಎಂದು ಬಸವಣ್ಣೆಮ್ಮ ನಗುತ್ತಾರೆ.

ನಗು ನಿಂತದ್ದು ನೂರಾ ಹನ್ನೆರಡನೇ ಪುಟದಲ್ಲಿ. ಅಪವಾದ ಹೊತ್ತ ರಾಣಿಯನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ವಿಚಾರಿಸುತ್ತಾರೆ. ಅವಳು ಬಾಯಿ ಬಿಡುವುದಿಲ್ಲ. ಆ ಮೌನವೇ ಹೆಣ್ಣಿಗೆ ಚೆಂದವೆಂದು ಕವಿ ಅರ್ಧ ಪುಟ ಹೊಗಳುತ್ತಾನೆ. ಬಸವಣ್ಣೆಮ್ಮ ಆ ಅರ್ಧ ಪುಟ ಬಿಟ್ಟು ಮುಂದಕ್ಕೆ ಓದಿಬಿಟ್ಟರು.

ಧ್ವನಿಮುದ್ರಣ ಕಳಿಸಿದ ಮೂರನೇ ದಿನ ಪೂಜಾಳ ಫೋನ್. “ಆಂಟಿ, ಸಭೆಗೆ ಬಂದ ರಾಣಿ ಮುಂದಿನ ಸಾಲಿಗೇ ಕಾಡಿನಾಗೆ ಅದಾಳೆ. ನಡುವೆ ಏನೋ ಹೋಗೈತೆ.”

ಪುಟ ಹರಿದಿದೆ ಎಂದರು ಬಸವಣ್ಣೆಮ್ಮ. ತಮ್ಮ ಓದು ಕೇಳುವವರಿಗೆ ಅವರು ಹೇಳಿದ ಮೊದಲ ಸುಳ್ಳು ಅದು. ಅವತ್ತು ಸಂಜೆ ತಾವೇ ಫೋನ್ ಮಾಡಿ ನಿಜ ಹೇಳಿದರು. ಇಪ್ಪತ್ತರ ವಯಸ್ಸಿನಲ್ಲಿ ಅವರನ್ನೂ ಗಂಡನ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿ, ಇಲ್ಲಿರುತ್ತೀಯೋ ತವರಿಗೆ ಹೋಗುತ್ತೀಯೋ ಎಂದು ಹಿರಿಯರು ಕೇಳಿದ್ದರು. “ಹೊಡೀತಾನೆ ಅನ್ನೋಕೆ ನಾಲಗೆ ಏಳಲಿಲ್ಲ. ಸುಮ್ಮನಿದ್ದೆ. ಒಳ್ಳೆ ಹೆಣ್ಣುಮಗಳು ಅಂತ ಹೊಗಳಿ ಅಲ್ಲೇ ಬಿಟ್ಟು ಹೋದ್ರು. ಹೊರಗೆ ಬರೋಕೆ ಆಮೇಲೆ ಆರು ವರ್ಷ ಬೇಕಾತು.”

ಪೂಜಾ ಎಲ್ಲ ಕೇಳಿಸಿಕೊಂಡು, “ನನಗೆ ಬೇಕಾಗಿದ್ದೇ ಆ ಅರ್ಧ ಪುಟ ರಿ. ಕವಿ ಏನಂದ ಅಂತ ಗೊತ್ತಾಗದೆ ನಾನು ಹೆಂಗೆ ಜವಾಬು ಬರೀಲಿ? ಯಾವುದು ಕೇಳ್ಬೇಕು, ಯಾವುದು ಬ್ಯಾಡ ಅಂತ ನೀವು ಆರಿಸಬ್ಯಾಡ್ರಿ,” ಎಂದಳು.

ಮರುದಿನ ಬೆಳಿಗ್ಗೆ ಬಸವಣ್ಣೆಮ್ಮ ಅದನ್ನು ಓದಿದರು. ಎರಡು ಸಲ ದನಿ ನಡುಗಿತು. ಮೂರನೇ ಸಲದ್ದನ್ನು ಕಳಿಸಿದರು.

ಮುಂದೇನು ಆಸೆ ಎಂದು ಕೇಳಿದರೆ ತುಸು ಯೋಚಿಸುತ್ತಾರೆ. “ಪೂಜಾ ಬರೆಯೋದು ಪುಸ್ತಕ ಆದ್ಮೇಲೆ ಅದನ್ನೂ ನಾನೇ ಓದ್ಬೇಕು. ಆ ರಾಣಿ ಯಾಕ ಬಾಯಿ ಬಿಡಲಿಲ್ಲ ಅಂತ ಒಂದು ಅಧ್ಯಾಯ ಐತಂತೆ. ನನ್ನ ಕಥೀನೂ ಸೇರಿಸ್ಲಾ ಅಂತ ಕೇಳಿದ್ಲು. ಸೇರಿಸು, ಹೆಸರು ಮುಚ್ಚಬ್ಯಾಡ ಅಂದೀನಿ.”