ಜಾವಳ ಆಗದ ತಲೆ

ಬೋರವ್ವ ಎಣ್ಣೆ ಕಾಯಿಸುತ್ತಿದ್ದಾಳೆಂದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಗರಗದ ಸೊಪ್ಪು, ಕರಿಬೇವು, ದಾಸವಾಳ ಅರೆದು ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯ ಮೇಲೆ ಇಟ್ಟರೆ ಆ ಹಸಿರು ವಾಸನೆ ಬೀರಪ್ಪನ ಗುಡಿಯ ತನಕ ಹೋಗುತ್ತಿತ್ತು. ಬಾಣಂತನವಾಗಿ ಕೂದಲು ಉದುರಿದವರು, ಜ್ವರ ಬಂದು ಜಡೆ ಸಣ್ಣಗಾದವರು ಬಾದಾಮಿಯಿಂದಲೂ ಬರುತ್ತಿದ್ದರು. ಪಕ್ಕದ ಮನೆಯ ಯಾಸ್ಮೀನ ಮಾತ್ರ ನಗೆಚಾಟಿಕೆ ಬಿಡುತ್ತಿರಲಿಲ್ಲ.

“ನಮ್ಮ ಮನಿಯವರ ಬಕ್ಕ ತಲಿಗೆ ವರ್ಷಾನಗಟ್ಲೆ ಹಚ್ಚೇನಿ, ಅತ್ತಿ. ತಲಿ ಮಿಂಚಾಕತ್ತೈತಿ, ಕೂದಲಾ ಬರವಲ್ದು.”

“ಕಲ್ಲಬಂಡಿ ಮ್ಯಾಲೆ ಬಿತ್ತಿದ್ರ ಜ್ವಾಳ ಬೆಳೀತೈತೇನ, ಹುಚ್ಚಿ?” ಎಂದು ಬೋರವ್ವ ನಗುತ್ತಿದ್ದಳು.

ಆ ನಗು ಈ ಬೇಸಿಗೆಗೆ ನಿಂತಿತು. ಮೂರು ತುಂಬಿದ ಮೊಮ್ಮಗಳು ಮಾಯವ್ವನ ತಲೆಯಲ್ಲಿ, ಬಲಗಿವಿಯ ಹಿಂದೆ, ಕೂದಲು ಉದುರಿ ಒಂದು ದುಂಡು ಬಟ್ಟು ಕಾಣಿಸಿತು. ಮೇಲೆ ಬಿಳಿಯ ಹೊಟ್ಟು. ಕೂಸು ಕೆರೆದೂ ಕೆರೆದೂ ಅಳುತ್ತಿತ್ತು. ಸೊಸೆ ವಿದ್ಯಾ ದವಾಖಾನೆಗೆ ತೋರಿಸಿಕೊಂಡು ಬಂದಳು.

“ಗಜಕರ್ಣ ಅಂತ್ರಿ, ಅತ್ತಿ. ಗುಳಿಗಿ ಕೊಟ್ಟಾರ. ಕೂದಲಾ ಸಣ್ಣಗ ಕತ್ತರಸ್ರಿ ಅಂದಾರ.”

“ಕತ್ತರಸ್ರಿ ಅಂದ್ರ? ಜಾವಳ ಆಗದ ತಲಿ ಅದು.”

ಆ ಮನೆತನದಲ್ಲಿ ಹುಟ್ಟುಗೂದಲು ಬೀರಪ್ಪನದು. ಜಾವಳದ ದಿನ ಕೂಸನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಸಳು ತೆಗೆಯುವ ತನಕ ಆ ತಲೆಗೆ ಯಾರೂ ಕಬ್ಬಿಣ ತಾಕಿಸುವಂತಿಲ್ಲ. ಮಾವ ಮಾಳಿಂಗರಾಯ, ಎಂದರೆ ವಿದ್ಯಾಳ ಅಣ್ಣ, ಕುರಿ ಹೊಡೆದುಕೊಂಡು ಹುನಗುಂದದ ಆಚೆ ಹೋಗಿದ್ದ. ಫೋನು ಮಾಡಿದರೆ, “ಕುರಿಗೆ ಬ್ಯಾನಿ ಬಿದ್ದೈತಿ, ಬಿಟ್ಟು ಹ್ಯಾಂಗ ಬರ್ಲೆವ್ವಾ? ಇನ್ನೊಂದೀಟು ದಿನ ತಡೀರಿ” ಎಂದ.

ತಡೆದರು. ಗುಳಿಗೆ ಉಷ್ಣ, ಕೂಸಿನ ಹೊಟ್ಟೆ ಸುಡುತ್ತದೆ ಎಂದು ಬೋರವ್ವ ಅದನ್ನು ಕೊಡಗೊಡಲಿಲ್ಲ. ಮಗ ಹನಮಂತಪ್ಪ, “ಅವ್ವನ ಕೈಗುಣ ಊರಿಗೇ ಗೊತ್ತೈತಿ” ಎಂದು ಸುಮ್ಮನಾದ. ಲೋಳಸರ ಹಚ್ಚಿದಳು, ಬೇವಿನೆಣ್ಣೆ ಹಚ್ಚಿದಳು. ಬಟ್ಟು ದೊಡ್ಡದಾಯಿತು.

ಆಗ ಅವಳಿಗೆ ತನ್ನ ಅತ್ತೆಯ ನೆನಪಾಯಿತು. ಹಿಂದೆ ಹುಳ ತಿಂದಂತೆ ಗಡ್ಡದ ಕೂದಲು ಉದುರಿದ ಒಬ್ಬ ಕುರುಬನಿಗೆ ಅತ್ತೆ ಗುಲಗಂಜಿ ತೇದು ಹಚ್ಚಿದ್ದಳು. ಸುಗ್ಗಿಯ ಹೊತ್ತಿಗೆ ಗಡ್ಡ ತುಂಬಿ ಬಂದಿತ್ತು. ಅವನ ಬಟ್ಟು ಅಂಗೈಯಂತೆ ನುಣ್ಣಗಿತ್ತು, ಹೊಟ್ಟಿರಲಿಲ್ಲ, ತುರಿಕೆಯೂ ಇರಲಿಲ್ಲ. ಅದನ್ನು ಕಣ್ಣಾರೆ ಕಂಡವಳೇ ಬೋರವ್ವ. ಆದರೂ ಕೂಸಿನ ಕೆರೆದು ಹಸಿಯಾದ ತಲೆಗೆ ಗುಲಗಂಜಿಯನ್ನೇ ತೇದು ಹಚ್ಚಿದಳು.

ಮರುದಿನ ಬೆಳಗ್ಗೆ ಕಿವಿಯ ಹಿಂದೆ ಬಾತು, ಕೆಂಪಾಗಿ, ನೀರು ಒಸರುತ್ತಿತ್ತು. ಕೂದಲು ಕೀವಿಗೆ ಅಂಟಿಕೊಂಡಿತ್ತು, ಕೂಸು ಮುಟ್ಟಗೊಡದು. ಮೈ ಸುಡುತ್ತಿತ್ತು. ವಿದ್ಯಾ ಕತ್ತರಿ ತಂದಳು. ಬೋರವ್ವ ಅವಳ ಮುಂಗೈ ಹಿಡಿದಳು.

“ಬಿಡ್ರಿ ಅತ್ತಿ. ದೇವರಿಗೆ ಕೂದಲಾ ಬೇಕೋ, ಕೂಸಾ ಬೇಕೋ, ಕೇಳಿ ಹೇಳ್ರಿ ನನಗ.”

ಬೋರವ್ವ ಹಿಡಿದ ಕೈ ಬಿಡಲಿಲ್ಲ. ಸದ್ದು ಕೇಳಿ ಬಂದ ಯಾಸ್ಮೀನಳೇ ನಡುವೆ ನಿಂತಳು.

“ಮಾವ ಬರಲಿಲ್ಲಂದ್ರ ನೀವ ಹೋಗ್ರಿ. ನಮ್ಮ ಮನಿಯವರ ಟಂಟಂ ಅಂಗಳದಾಗ ನಿಂತೈತಿ. ಇಷ್ಟು ದಿನಾ ಇದು ಯಾರಿಗೂ ಹೊಳೀಲಿಲ್ಲೇನ?”

ಯಾರಿಗೂ ಹೊಳೆದಿರಲಿಲ್ಲ. ಜಾವಳವೆಂದರೆ ಮಾವ ಬರಬೇಕು, ಗುಡಿಯಲ್ಲೇ ಆಗಬೇಕು. ಹಾಗೇ ನಡೆದು ಬಂದಿತ್ತು.

ಯಾಸ್ಮೀನಳ ಗಂಡ ಫಕ್ರುಸಾಬ ಟಂಟಂ ಓಡಿಸಿದ. ದಾರಿಯುದ್ದಕ್ಕೂ ಕೂಸು ತಾಯಿಯ ಎದೆಯ ಮೇಲೆ ನರಳಿತು. ಎದುರು ಕುಳಿತ ಬೋರವ್ವನ ಕಡೆ ವಿದ್ಯಾ ಕಣ್ಣೆತ್ತಲಿಲ್ಲ.

ಮಾಳಿಂಗರಾಯ ಕಟಾವಾದ ಹೊಲದಲ್ಲಿ ಕುರಿ ನಿಲ್ಲಿಸಿದ್ದ. ತಂಗಿಯ ಮುಖ, ಕೂಸಿನ ತಲೆ ನೋಡಿದ. ಕಂಬಳಿ ಹಾಸಿ, ಊರಿನ ಗುಡಿಯ ದಿಕ್ಕಿಗೆ ತಿರುಗಿ, ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡ. ಉಣ್ಣೆ ಕತ್ತರಿಸುವ ಕತ್ತರಿಯನ್ನು ಕುದಿನೀರಿನಲ್ಲಿ ಅದ್ದಿ ತೆಗೆದು, ಅದರ ಹಿಡಿಕೆಗೆ ದೇವರ ಭಂಡಾರದ ಅರಿಶಿನ ಹಚ್ಚಿದ.

“ತಪ್ಪಿದ್ರ ನನ್ನ ತಲಿ ಮ್ಯಾಲಿರಲಿ, ಬೀರಪ್ಪಾ” ಎಂದು ಮೊದಲ ಎಸಳು ತೆಗೆದ. ಅದನ್ನು ಬೋರವ್ವ ಸೆರಗಿನಲ್ಲಿ ಹಿಡಿದುಕೊಂಡಳು. ಕೂದಲು ಸರಿದಂತೆ ಒಳಗಿನ ಹುಣ್ಣು ಕಂಡಿತು. ತಾನು ಹಚ್ಚಿದಷ್ಟೂ ಜಾಗ ಬೆಂದಿತ್ತು.

ಅಲ್ಲಿಂದ ನೆಟ್ಟಗೆ ಬಾಗಲಕೋಟೆಗೆ ಹೋದರು. ಡಾಕ್ಟರಮ್ಮ ಏನು ಹಚ್ಚಿದ್ದಿರಿ ಎಂದಾಗ ವಿದ್ಯಾ ನೆಲ ನೋಡಿದಳು. ಬೋರವ್ವನೇ ಮುಂದೆ ಬಂದಳು.

“ಗುಲಗಂಜಿರಿ. ನಾನ ಹಚ್ಚೇನ್ರಿ.”

“ಅದು ವಿಷ, ಅಜ್ಜಿ. ಕೂಸು ಕೈಗೆ ತಾಗಿಸಿಕೊಂಡು ಬಾಯಿಗಿಟ್ಟಿದ್ರ ಜೀವಕ್ಕ ಬರತಿತ್ತು.”

ಎರಡು ರಾತ್ರಿ ದವಾಖಾನೆಯಲ್ಲೇ ಇಟ್ಟುಕೊಂಡರು. ಜ್ವರ ಇಳಿಯಿತು. ಗುಳಿಗೆ ತಪ್ಪಿಸದೆ ಕೊಟ್ಟರೆ ಉಳಿದ ತಲೆ ತುಂಬುತ್ತದೆ, ಆದರೆ ಕಿವಿಯ ಹಿಂದೆ ಬೆಂದ ಜಾಗದಲ್ಲಿ ಕೂದಲು ಬರುವುದು ಅನುಮಾನ ಎಂದರು.

ಈಗ ಹುಣ್ಣು ಮಾಗಿದೆ. ತಲೆಯ ಮೇಲೆ ಎಳೆಗೂದಲು ಚಿಗುರಿದೆ. ಕಿವಿಯ ಹಿಂದೆ ಮಾತ್ರ ನುಣುಪು ಚರ್ಮ ಹೊಳೆಯುತ್ತದೆ. ಬೋರವ್ವ ಉದುರುವ ಕೂದಲಿಗೆ ಎಣ್ಣೆ ಕೊಡುತ್ತಾಳೆ. ತಲೆಯಲ್ಲಿ ಹುಣ್ಣೋ ಹೊಟ್ಟೋ ಕಂಡರೆ, “ದವಾಖಾನಿಗೆ ಹೋಗ್ರಿ, ನನ್ನ ಹಂತ್ಯಾಕ ಬರಬ್ಯಾಡ್ರಿ” ಎನ್ನುತ್ತಾಳೆ. ಅದನ್ನು ಕೇಳಿಯೂ ವಿದ್ಯಾ ಕೇಳದವಳಂತೆ ಇರುತ್ತಾಳೆ. ಕೂಸಿನ ಗುಳಿಗೆ, ಜಳಕ ಎಲ್ಲ ಅವಳದೇ.

ಮೊನ್ನೆ ಜಳಕಕ್ಕೆ ಕುಳಿತ ಮಾಯವ್ವ ಅಜ್ಜಿಯನ್ನು ಕಂಡು ತಲೆ ಮುಂದೆ ಚಾಚಿದಳು. “ಅಜ್ಜಿ, ನೀ ತಿಕ್ಕು.”

ಬೋರವ್ವ ಸೊಸೆಯ ಮುಖ ನೋಡಿದಳು. ಅದು ಇತ್ತ ತಿರುಗಲಿಲ್ಲ.

“ನಿಮ್ಮವ್ವ ತಿಕ್ಕತಾಳವ್ವ” ಎಂದಳು. ಬಿಸಿನೀರಿನ ಕೊಡವನ್ನು ಸೊಸೆಯ ಕೈಗೆಟಕುವಂತೆ ಸರಿಸಿಟ್ಟು ಹೊರಗೆ ಬಂದಳು.