ಗಿರಿಜಾಳ ಬಳೆಯ ಅಳತೆ

ಸೋಪಿನ ನೊರೆಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸವಣೂರಿನ ಮನೆಯ ಜಗಲಿ, ಅದರ ಮೇಲೆ ಹಾಸಿದ ಬಳೆಗಾರನ ಚಾಪೆ ನೆನಪಾಗುತ್ತವೆ. ಈ ಸಲ ಆ ವಾಸನೆ ಬಂದದ್ದು ಮಾತ್ರ ಶಿಗ್ಗಾಂವಿಯ ಒಂದು ಆಸ್ಪತ್ರೆಯಲ್ಲಿ. ನನ್ನ ನೆಗೆಣ್ಣಿ ಗಿರಿಜಾ ಮುಂಜಾನೆ ಬಚ್ಚಲಲ್ಲಿ ಜಾರಿದಾಗ ಮೈಯ ಅಷ್ಟೂ ಭಾರ ಎಡಗೈ ಮೇಲೆ ಬಿದ್ದಿತ್ತು. ಮಣಿಕಟ್ಟು ಮುರಿದು, ಕೈ ಊದಿ, ಹಸಿರು ಬಳೆಗಳು ಮಾಂಸದಲ್ಲಿ ಹೂತುಹೋಗಿದ್ದವು. ನರ್ಸ್ ನೊರೆ ಸವರಿ ನೋಡಿದಳು, ಒಂದೂ ಅಲುಗಲಿಲ್ಲ. ಬೆರಳ ತುದಿಗಳು ನೀಲಿಗಟ್ಟುತ್ತಿದ್ದವು. ಈಗಲೇ ಬಳೆ ಕತ್ತರಿಸದಿದ್ದರೆ ಬೆರಳು ಉಳಿಯುವುದು ಕಷ್ಟ ಎಂದರು ಡಾಕ್ಟರು.

"ನಮ್ಮ ಮನಿಯವರು ಹೊರಗ ಗಟ್ಟಿಮುಟ್ಟ ಕುಂತಾರ. ಬಳಿ ಒಡೀಬ್ಯಾಡ್ರಿ," ಎಂದಳು ಗಿರಿಜಾ.

ನಾನು ಅವಳ ಕೈ ಹಿಡಿಯಲು ಹೋದೆ. ಹಿಂದಕ್ಕೆಳೆದುಕೊಂಡಳು. ನಾನು ಗಂಡನನ್ನು ಕಳೆದುಕೊಂಡವಳು. ನನ್ನ ಕೈಯಲ್ಲಿರುವುದು ವಾಚೊಂದೇ. ಬಾಯಿಬಿಟ್ಟು ಏನೂ ಅನ್ನಲಿಲ್ಲ, ಪಾಪ. ಅಷ್ಟು ಮ್ಯಾನರ್ಸ್ ಅವಳಿಗಿದೆ.

ಆ ಬಳೆಗಳ ಹಿಂದೆ ನಮ್ಮ ಅತ್ತೆ ಇದ್ದಾರೆ ನೋಡಿ. ಹತ್ತಿಮತ್ತೂರಿನ ಹೊಲಕ್ಕೆ ಬುತ್ತಿ ಹೊತ್ತೂ ಹೊತ್ತೂ ಹುರಿಗಟ್ಟಿದ ಹೆಂಗಸು. ಸವಣೂರಿನಲ್ಲಿ ಮನೆ ಕಟ್ಟಿಸಿದ ಮೇಲೆ ಅವರದು ಒಂದೇ ಹಟ, ಸೊಸೆಯರ ಕಾಲಿಗೆ ಮಣ್ಣು ಹತ್ತಬಾರದು. ನೀರಿಗೆ ನಳ ಬಂತು, ಹಿಟ್ಟಿಗೆ ಗಿರಣಿ, ಸಂತೆಗೆ ಆಳು. ಬಳೆಗಾರ ಬಂದು, ನೊರೆ ಹಚ್ಚಿ, ಗಿರಿಜಾಳ ಅಂಗೈ ಹಿಚುಕಿ, "ಅವ್ವಾರ, ಎರಡು-ಆರು ಏರವಲ್ದು. ಎರಡು-ಎಂಟ ಬೇಕ ನೋಡ್ರಿ," ಎಂದಾಗ, ಸೊಸೆ ಮೈ ತುಂಬಿಕೊಂಡಳೆಂದು ಹಿಗ್ಗಿದ ಅತ್ತೆಯ ಮುಖ ನೋಡಬೇಕಿತ್ತು. ಫಸ್ಟ್ ರ‍್ಯಾಂಕ್ ಬಂದವರ ತಾಯಿಯೂ ಹಾಗೆ ಬೀಗಲಾರಳು. ಅಂದು ಬಳೆಗಾರನಿಗೆ ಹೋಳಿಗೆ ಊಟ.

ನನ್ನ ಅಳತೆ ಎರಡು-ನಾಲ್ಕರಲ್ಲೇ ನಿಂತಿತ್ತು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಡ್ರಿಲ್ಲನ್ನು ಮಾಳಿಗೆಯ ಮೇಲೆ ಕದ್ದು ಮಾಡುತ್ತಿದ್ದೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒನ್, ಟೂ, ಒನ್, ಟೂ. ಒಂದು ದಿನ ಒಣಹಾಕಿದ ಸಂಡಿಗೆಯ ಮೇಲೇ ಮಾರ್ಚ್ ಮಾಡಿ ಸಿಕ್ಕಿಬಿದ್ದೆ. ಅತ್ತೆ ಬೈಯಲಿಲ್ಲ. ಹುಡುಗಿಗೆ ಊಟ ಸಾಲದೆ ಹೀಗಾಗಿದೆ ಎಂದು ಅಂದಿನಿಂದ ತುಪ್ಪ ಹೆಚ್ಚಿಸಿದರು. "ನಾ ನಡದದ್ದು ಸಾಕವ್ವಾ. ನೀವರ ಕುಂತ ಉಣ್ರಿ," ಎನ್ನುತ್ತಿದ್ದರು. ಅದು ಪ್ರೀತಿ, ಪ್ಯೂರ್ ಲವ್. ಗಿರಿಜಾ ಆ ಪ್ರೀತಿಗೆ ಕುಂತಳು, ಅತ್ತೆ ಹೋದ ಮೇಲೂ ಕುಂತೇ ಇದ್ದಳು. ಈಗ ಓಣಿಯ ತುದಿಯ ಅಂಗಡಿಗೂ ಸ್ಕೂಟರ್. ವಾಕಿಂಗ್ ಬಾ ಎಂದರೆ, "ಕೈಯಾಗ ಚೀಲಾ ಇಲ್ದ ತಿರಗಿದ್ರ ಮಂದಿ ಮನ್ಯಾಗ ಜಗಳಾಗೇತಿ ಅಂತಾರ್ರಿ ಅಕ್ಕ," ಎಂದು ನಗುತ್ತಿದ್ದಳು.

ಆಸ್ಪತ್ರೆಯಲ್ಲಿ ಆ ನಗು ಇರಲಿಲ್ಲ. ಡಾಕ್ಟರು ಎರಡನೆಯ ಸಲ ಗಡಿಯಾರ ನೋಡಿದರು. ನಾನು ಹೊರಗೆ ಬೆಂಚಿನ ಮೇಲಿದ್ದ ಮೈದುನನನ್ನು ಕರೆತಂದೆ. ಅವನು ಹೆಂಡತಿಯ ತಲೆಯ ಬಳಿ ನಿಂತ. ಅವಳ ಊದಿದ ಕೈ ನೋಡಿ ಅಂದ, "ನನ್ನ ಹೆಸರಿನ ಬಳಿ ಅಲ್ಲೇನ ಅವು? ನಾನ ಹೇಳಾಕತ್ತೇನಿ, ತಗಸು."

ಗಿರಿಜಾ ಅವನನ್ನು ನೋಡಿದಳು. ಆಮೇಲೆ ನನ್ನನ್ನು. ಆ ಊದಿದ ಕೈಯನ್ನು ತಾನೇ ನನ್ನ ಕಡೆ ಸರಿಸಿದಳು.

"ನೀವ ಹಿಡೀರಿ ಅಕ್ಕ. ನನಗ ಅಂಜಿಕಿ ಬರಾಕತ್ತೈತಿ."

ಹಿಡಿದೆ. ಬಳೆಗಳು ಒಂದೊಂದಾಗಿ ಚಿಟ್ ಎಂದು ಒಡೆದು ಟ್ರೇಗೆ ಬಿದ್ದವು. ಬೆರಳುಗಳಿಗೆ ಕೆಂಪು ತಿರುಗುವ ತನಕ ನಾನು ಆ ಕೈ ಬಿಡಲಿಲ್ಲ.

ಸಂಜೆ, ಪ್ಲಾಸ್ಟರ್ ಹಾಕಿದ ಮೇಲೆ, ಎದ್ದು ನಡೆಯಿರಿ ಎಂದರು ಡಾಕ್ಟರು. ಕಾಲಿನಲ್ಲಿ ಕಸುವೇ ಉಳಿದಿಲ್ಲ, ಹೀಗೆ ಕೂತರೆ ಮತ್ತೆ ಬೀಳುತ್ತೀರಿ ಎಂದರು. ಕಾರಿಡಾರಿನಲ್ಲಿ ಗಿರಿಜಾ ಬಲಗೈಯಿಂದ ನನ್ನ ಕೈ ಹಿಡಿದುಕೊಂಡಳು. ಆ ಕೈಯ ಬಳೆಗಳು ನನ್ನ ವಾಚಿಗೆ ತಾಗಿ ಸದ್ದು ಮಾಡಿದವು. ಅವಳು ಕೈ ತೆಗೆಯಲಿಲ್ಲ.

"ಅಕ್ಕ, ಆ ಡ್ರಿಲ್ ನೆನಪೈತೇನ್ರಿ?"

ಇದೆ ಎಂದೆ.

"ಹಂಗಾರ ಎಣಸ್ರಿ."

ಒನ್, ಟೂ. ಒನ್, ಟೂ. ಕಿಟಕಿ ಮುಟ್ಟುವಷ್ಟರಲ್ಲಿ ಅವಳಿಗೆ ಏದುಸಿರು. ಸುಳ್ಳೇಕೆ, ನನಗೂ.

"ಅತ್ತಿಯಾರು ನೋಡಿದ್ರ ಇಬ್ಬರಿಗೂ ತುಪ್ಪಾ ಹಾಕತಿದ್ರು," ಎಂದಳು.

ಸ್ವಲ್ಪ ನಿಂತು, ಬಂದ ದಾರಿಗೆ ತಿರುಗಿ, ಮತ್ತೆ ಎಣಿಸತೊಡಗಿದೆ.